ಗುಪ್ತನಾಮದ ಖಾತೆಗೆ ಮಾಡರೇಟರ್‌ಗಳು ದಾಖಲೆ ಕೇಳಿದ್ದಾರೆ: ಕಳುಹಿಸುವ ಮೊದಲು ಏನನ್ನು ತಿಳಿದಿರಬೇಕು?

ಪ್ರಶ್ನೆ ಕೇಳಿದವರು: ತೆರೆಮರೆ

ದೀರ್ಘಕಾಲದ ಕಾಯಿಲೆಯೊಂದಕ್ಕೆ ಮೀಸಲಾದ ಆನ್‌ಲೈನ್ ಸಮುದಾಯವೊಂದರಲ್ಲಿ ನಾನು ಹಲವು ವರ್ಷಗಳಿಂದ ಗುಪ್ತನಾಮದಲ್ಲಿ ಬರೆಯುತ್ತಿದ್ದೇನೆ. ಸಮುದಾಯ ನಡೆಯುವುದು ದೊಡ್ಡ ಕಂಪನಿಯೊಂದರ ವೇದಿಕೆಯ ಮೇಲೆ. ಆದರೆ ನಿಯಮ ಮಾಡುವುದು, ಪೋಸ್ಟ್ ತೆಗೆಯುವುದು, ಸದಸ್ಯರನ್ನು ಹೊರಹಾಕುವುದು ಇವೆಲ್ಲ ಸಂಬಳವಿಲ್ಲದೆ ದುಡಿಯುವ ಮಾಡರೇಟರ್‌ಗಳ ಕೈಯಲ್ಲಿವೆ. ಅವರೂ ನನ್ನಂತೆಯೇ ಗುಪ್ತನಾಮದವರು. ಅವರಲ್ಲಿ ಒಬ್ಬರ ನಿಜವಾದ ಹೆಸರೂ ನನಗೆ ಗೊತ್ತಿಲ್ಲ. ಇಷ್ಟು ದಿನ ಅದನ್ನು ತಿಳಿದುಕೊಳ್ಳಬೇಕೆಂದು ಅನ್ನಿಸಿಯೂ ಇರಲಿಲ್ಲ.

ಈಚೆಗೆ ಅಲ್ಲಿ ಔಷಧಿ ಮಾರುವವರ ಕಾಟ ಹೆಚ್ಚಾಗಿದೆ. ತಮಗೂ ಇದೇ ಕಾಯಿಲೆ ಇತ್ತು, ಯಾವುದೋ ಪುಡಿಯಿಂದ ಪೂರ್ತಿ ಗುಣವಾಯಿತು ಎಂದು ಬರೆಯುವ ಹೊಸ ಖಾತೆಗಳು ದಿನಬೆಳಗಾದರೆ ಹುಟ್ಟಿಕೊಳ್ಳುತ್ತಿವೆ. ಇದನ್ನು ತಡೆಯಲು ಮಾಡರೇಟರ್‌ಗಳು 'ದೃಢೀಕೃತ ಸದಸ್ಯ' ಎಂಬ ಗುರುತನ್ನು ಜಾರಿಗೆ ತಂದಿದ್ದಾರೆ. ಹೆಸರನ್ನು ಮುಚ್ಚಿ, ಚಿಕಿತ್ಸೆಗೆ ಸಂಬಂಧಿಸಿದ ಯಾವುದಾದರೂ ಆಸ್ಪತ್ರೆ ಕಾಗದದ ಫೋಟೊ ತೆಗೆದು ಮಾಡರೇಟರ್‌ಗಳ ಇನ್‌ಬಾಕ್ಸ್‌ಗೆ ಕಳುಹಿಸಬೇಕು. ಗುರುತು ಇಲ್ಲದವರು ಕಾಮೆಂಟ್ ಮಾಡಬಹುದೇ ಹೊರತು ಚಿಕಿತ್ಸೆಯ ಬಗ್ಗೆ ಹೊಸ ಪೋಸ್ಟ್ ಹಾಕುವಂತಿಲ್ಲ.

ನನ್ನ ಕಾಯಿಲೆಯ ವಿಷಯ ನನ್ನ ಉದ್ಯೋಗದಾತರಿಗೂ ಹೆಚ್ಚಿನ ಬಂಧುಗಳಿಗೂ ಗೊತ್ತಿಲ್ಲ. ಗೊತ್ತಾಗುವುದು ನನಗೆ ಬೇಕಾಗಿಯೂ ಇಲ್ಲ. ಆದ್ದರಿಂದ ಕೇಳುತ್ತಿದ್ದೇನೆ: ಮಾಡರೇಟರ್‌ಗಳಿಗೆ ನನ್ನ ಬಗ್ಗೆ ಈಗಾಗಲೇ ಏನೇನು ಕಾಣುತ್ತಿರಬಹುದು? ಕಳುಹಿಸಿದ ಫೋಟೊ ಎಲ್ಲಿ, ಎಷ್ಟು ಕಾಲ ಉಳಿಯುತ್ತದೆ? ಇದೊಂದೂ ಬೇಡವೆಂದು ಹಳೆಯ ಪೋಸ್ಟ್‌ಗಳನ್ನು ಅಳಿಸಿ ಹೊರಬಂದರೆ ಅವು ನಿಜವಾಗಿಯೂ ಅಳಿಸಿಹೋಗುತ್ತವೆಯೇ? ಮಾಡರೇಟರ್‌ಗಳ ಉದ್ದೇಶದ ಬಗ್ಗೆ ನನಗೆ ಅನುಮಾನವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

ಉತ್ತರ: ಸರ್ವರ್‌ಪಾಲ

ಓದುಗರು, ಮಾಡರೇಟರ್‌ಗಳು, ಸರ್ವರ್ ನಡೆಸುವವರು ಈ ಮೂವರಿಗೆ ನಿಮ್ಮ ಬಗ್ಗೆ ಕಾಣುವುದು ಒಂದೇ ಅಲ್ಲ. ಅದು ವೇದಿಕೆಯಿಂದ ವೇದಿಕೆಗೂ ಬದಲಾಗುತ್ತದೆ. ನೀವು ಯಾವ ವೇದಿಕೆಯಲ್ಲಿದ್ದೀರಿ ಎಂದು ಹೇಳಿಲ್ಲ, ಹೇಳಬೇಕಾಗಿಯೂ ಇಲ್ಲ. ಚಾಲ್ತಿಯಲ್ಲಿರುವ ಕೆಲವು ಪದ್ಧತಿಗಳನ್ನು ವಿವರಿಸುತ್ತೇನೆ, ನಿಮಗೆ ಹೊಂದುವುದನ್ನು ತೆಗೆದುಕೊಳ್ಳಿ.

ಚರ್ಚಾ ಸಮುದಾಯಗಳ ದೊಡ್ಡ ವೇದಿಕೆಯಾದ ರೆಡ್ಡಿಟ್‌ನಲ್ಲಿ ಸಮುದಾಯದ ಮಾಡರೇಟರ್‌ಗೆ ನಿಮ್ಮ ಇಮೇಲ್ ಆಗಲಿ ಐಪಿ ವಿಳಾಸವಾಗಲಿ (ಇಂಟರ್ನೆಟ್‌ನಲ್ಲಿ ನಿಮ್ಮ ಸಂಪರ್ಕವನ್ನು ಗುರುತಿಸುವ ಸಂಖ್ಯೆ) ಕಾಣುವುದಿಲ್ಲ. ಅವರಿಗೆ ಕಾಣುವುದು ನಿಮ್ಮ ಖಾತೆಯ ಹೆಸರು, ಅದರ ವಯಸ್ಸು, ನೀವು ಬರೆದದ್ದು ಮತ್ತು ಆ ಸಮುದಾಯದಲ್ಲಿ ನಿಮ್ಮ ಮೇಲೆ ಹಿಂದೆ ಕೈಗೊಂಡ ಕ್ರಮಗಳು. ಹೊರಹಾಕಲ್ಪಟ್ಟವರು ಹೊಸ ಖಾತೆಯಲ್ಲಿ ಮರಳಿ ಬಂದಿರಬಹುದೆಂಬ ಅನುಮಾನವನ್ನು ವೇದಿಕೆಯೇ ತನ್ನ ಲೆಕ್ಕಾಚಾರದಿಂದ ಗುರುತಿಸಿ ಮಾಡರೇಟರ್‌ಗೆ ಎಚ್ಚರಿಕೆ ಕೊಡುತ್ತದೆ. ಆದರೆ ಹಳೆಯ ಖಾತೆ ಯಾವುದು, ಯಾವ ಆಧಾರದ ಮೇಲೆ ಹಾಗೆ ಅನ್ನಿಸಿತು ಎಂಬುದನ್ನು ಹೇಳುವುದಿಲ್ಲ. ತೀರ್ಪು ಮಾತ್ರ ಕೊಟ್ಟು ಸಾಕ್ಷ್ಯವನ್ನು ತನ್ನಲ್ಲೇ ಇಟ್ಟುಕೊಳ್ಳುವ ಈ ಏರ್ಪಾಡು ನನಗೆ ಒಳ್ಳೆಯದಾಗಿ ಕಾಣುತ್ತದೆ, ಮಾಡರೇಟರ್‌ಗಳಿಗೆ ಅದರಿಂದ ಆಗುವ ಕಿರಿಕಿರಿಯನ್ನೂ ಲೆಕ್ಕಕ್ಕೆ ತೆಗೆದುಕೊಂಡು ಹೇಳುತ್ತಿದ್ದೇನೆ. ಕಂಪನಿಗೆ ಮಾತ್ರ ಐಪಿ ವಿಳಾಸ ಕಾಣುತ್ತದೆ. ಅದರ ಪ್ರಕಟಿತ ನೀತಿಯ ಪ್ರಕಾರ ಸಂಗ್ರಹಿಸಿದ ಐಪಿ ವಿಳಾಸಗಳನ್ನು 100 ದಿನಗಳ ನಂತರ ಅಳಿಸುತ್ತಾರೆ, ಖಾತೆ ತೆರೆದಾಗ ಬಳಸಿದ ವಿಳಾಸವೊಂದನ್ನು ಬಿಟ್ಟು. ಅಂದರೆ ಕಚೇರಿಯ ಕಂಪ್ಯೂಟರ್‌ನಿಂದ ಖಾತೆ ತೆರೆದು ಆಮೇಲೆ ಎಷ್ಟೇ ಜಾಗರೂಕರಾದರೂ ಆ ಮೊದಲ ಸಾಲು ದಾಖಲೆಯಲ್ಲಿ ಉಳಿದೇ ಇರುತ್ತದೆ.

ಪ್ರಶ್ನೋತ್ತರಕ್ಕೆ ಮೀಸಲಾದ ಸ್ಟ್ಯಾಕ್ ಎಕ್ಸ್‌ಚೇಂಜ್‌ನ ಜಾಲತಾಣಗಳಲ್ಲಿ ಪರಿಸ್ಥಿತಿ ಬೇರೆ. ಅಲ್ಲಿ ಸದಸ್ಯರೇ ಚುನಾಯಿಸುವ ಸ್ವಯಂಸೇವಕ ಮಾಡರೇಟರ್‌ಗಳು ಬಳಕೆದಾರರ ಇಮೇಲ್ ಮತ್ತು ಐಪಿ ವಿಳಾಸವನ್ನು ನೋಡಬಲ್ಲರು. ಅದಕ್ಕಾಗಿ ಅವರು ಕಂಪನಿಯೊಂದಿಗೆ ಒಪ್ಪಂದಕ್ಕೆ ಬದ್ಧರಾಗಿರುತ್ತಾರೆ. ವಿಕಿಪೀಡಿಯ ಇನ್ನೊಂದು ದಾರಿ ಹಿಡಿದಿದೆ. ಅಲ್ಲಿ ಸಾಮಾನ್ಯ ನಿರ್ವಾಹಕರಿಗೆ ನೋಂದಾಯಿತ ಬಳಕೆದಾರರ ಐಪಿ ಕಾಣುವುದಿಲ್ಲ. 'ಚೆಕ್‌ಯೂಸರ್' ಎಂಬ ಸಾಧನವನ್ನು ಬಳಸುವ ಅಧಿಕಾರವಿರುವ ಕೆಲವೇ ಕೆಲವರಿಗೆ ಮಾತ್ರ, ಅದೂ ಸುಮಾರು 90 ದಿನಗಳ ಹಿಂದಿನವರೆಗಿನ ಮಾಹಿತಿ ಮಾತ್ರ ಸಿಗುತ್ತದೆ. ಅವರು ಗೌಪ್ಯತೆಯ ಒಪ್ಪಂದಕ್ಕೆ ಸಹಿ ಹಾಕಿರಬೇಕು, ಮತ್ತು ಅವರು ಮಾಡಿದ ಪ್ರತಿಯೊಂದು ಹುಡುಕಾಟವೂ ಅದೇ ಅಧಿಕಾರವಿರುವ ಇತರರು ನೋಡಬಲ್ಲ ದಾಖಲೆಯೊಂದರಲ್ಲಿ ಬೀಳುತ್ತದೆ. ಕಾವಲುಗಾರನ ಮೇಲೂ ಒಂದು ಕಣ್ಣಿದೆ ಎಂಬುದು ಇಲ್ಲಿನ ವಿಶೇಷ. ವಿಚಿತ್ರವೆಂದರೆ, ಅದೇ ವಿಕಿಪೀಡಿಯದಲ್ಲಿ ಖಾತೆಯಿಲ್ಲದೆ ತಿದ್ದುವವರ ಐಪಿ ವಿಳಾಸ ಬಹಳ ವರ್ಷಗಳ ಕಾಲ ಜಗತ್ತಿಗೆಲ್ಲ ಕಾಣುವಂತೆ ಲೇಖನದ ಇತಿಹಾಸದಲ್ಲಿ ಅಚ್ಚಾಗುತ್ತಿತ್ತು. ಅಂಥವರ ಐಪಿಯ ಬದಲು ತಾತ್ಕಾಲಿಕ ಖಾತೆಯ ಹೆಸರನ್ನು ತೋರಿಸುವ ಪದ್ಧತಿ ಬಂದದ್ದು ತೀರಾ ಈಚೆಗೆ.

ಬೇರೆ ಬೇರೆ ಜನ ನಡೆಸುವ ಸರ್ವರ್‌ಗಳು ಸೇರಿ ಆಗಿರುವ ಮ್ಯಾಸ್ಟಡಾನ್‌ನಂತಹ ವಿಕೇಂದ್ರಿತ ಜಾಲಗಳಲ್ಲಿ ಕಂಪನಿ ಮತ್ತು ಮಾಡರೇಟರ್ ಎಂಬ ಭೇದವೇ ಬಹುಮಟ್ಟಿಗೆ ಇಲ್ಲ. ಸರ್ವರ್ ನಡೆಸುವವರೇ ನಿಯಮ ಮಾಡುವವರು. ಅವರ ಬಳಿ ನಿಮ್ಮ ಇಮೇಲ್, ಐಪಿ ಎರಡೂ ಇರುತ್ತವೆ, ಮತ್ತು ಅಲ್ಲಿನ ಖಾಸಗಿ ಸಂದೇಶಗಳು ಆದಿಯಿಂದ ಅಂತ್ಯದವರೆಗೆ ಗೂಢಲಿಪಿಯಲ್ಲಿ ಇರುವುದಿಲ್ಲವಾದ್ದರಿಂದ ಅವರು ಮನಸ್ಸು ಮಾಡಿದರೆ ಓದಬಲ್ಲರು. ಪಿಎಚ್‌ಪಿಬಿಬಿಯಂತಹ ತಂತ್ರಾಂಶದಿಂದ ನಡೆಯುವ ಹಳೆಯ ಚರ್ಚಾತಾಣಗಳ ಕಥೆಯೂ ಇದೇ. ಕಂಪನಿ ದೊಡ್ಡದಾದಷ್ಟೂ ನಮ್ಮ ಖಾಸಗಿತನಕ್ಕೆ ಕೇಡು ಎಂಬ ಮಾತು ಸದಾ ನಿಜವಲ್ಲ. ಒಬ್ಬನೇ ನಡೆಸುವ ಸಣ್ಣ ಸರ್ವರ್‌ನಲ್ಲಿ ನಿಮ್ಮ ಗುಟ್ಟು ಆ ಒಬ್ಬನ ಸ್ವಭಾವವನ್ನೂ ಅವನ ಪಾಸ್‌ವರ್ಡನ್ನೂ ನಂಬಿಕೊಂಡಿರುತ್ತದೆ.

ಖಾತೆಗೆ ಇಮೇಲ್ ಜೋಡಿಸಿದ್ದರೆ ಅದೂ ಒಂದು ಎಳೆ. 2018ರ ಜೂನ್‌ನಲ್ಲಿ ರೆಡ್ಡಿಟ್‌ಗೆ ನುಗ್ಗಿದವರಿಗೆ 2007ರ ಹಳೆಯ ಬ್ಯಾಕಪ್ ಒಂದು ಸಿಕ್ಕಿತು. ಅದರಲ್ಲಿ ಆರಂಭದ ದಿನಗಳ ಬಳಕೆದಾರರ ಖಾಸಗಿ ಸಂದೇಶಗಳೂ ಇದ್ದವು. ಜೊತೆಗೆ ಆ ತಿಂಗಳು ಸದಸ್ಯರಿಗೆ ಕಳುಹಿಸಿದ್ದ ಸಾರಾಂಶ ಇಮೇಲ್‌ಗಳ ದಾಖಲೆಯೂ ಸಿಕ್ಕಿತು. ಯಾವ ಗುಪ್ತನಾಮ ಯಾವ ಇಮೇಲ್‌ನದು ಎಂಬುದು ಆ ದಾಖಲೆಯಲ್ಲಿತ್ತು. ನಿಮ್ಮ ಗುಪ್ತನಾಮದ ಖಾತೆಗೆ ನಿಮ್ಮ ನಿಜ ಹೆಸರಿನ ಇಮೇಲ್ ಜೋಡಣೆಯಾಗಿದ್ದರೆ ಮಾಡರೇಟರ್‌ಗಳ ಚಿಂತೆಗಿಂತ ಮೊದಲು ಅದನ್ನು ಬದಲಿಸಿ.

ಉತ್ತರ: ಕಸಪೊರಕೆ

ನಾನು ಸುಮಾರು ಇದೇ ಬಗೆಯ ಸಮುದಾಯವೊಂದರ ಮಾಡರೇಟರ್. ಪ್ರಶ್ನೆಯ ಇನ್ನೊಂದು ಬದಿಯಿಂದ ಬರೆಯುತ್ತಿದ್ದೇನೆ.

ದಾಖಲೆ ಕೇಳುವುದು ಅಧಿಕಾರದ ಚಪಲವಲ್ಲ. ನಕಲಿ ರೋಗಿಯೊಬ್ಬ ಒಳಗೆ ಬಂದು, ಒಳ್ಳೆಯ ಮಾತಿನಿಂದ ನಂಬಿಕೆ ಗಳಿಸಿ, ತಿಂಗಳಾದ ಮೇಲೆ ಖಾಸಗಿ ಸಂದೇಶದಲ್ಲಿ ಔಷಧಿ ಮಾರಲು ತೊಡಗಿದರೆ, ಅದನ್ನು ನಂಬಿ ಇರುವ ಚಿಕಿತ್ಸೆಯನ್ನು ನಿಲ್ಲಿಸಿದವರ ಪತ್ರಗಳು ಬರುವುದು ನಮಗೆ. ಗುಪ್ತನಾಮ ರೋಗಿಗೆ ಕೊಡುವ ರಕ್ಷಣೆಯನ್ನೇ ವಂಚಕನಿಗೂ ಕೊಡುತ್ತದೆ. ಖಾತೆಯ ವಯಸ್ಸು ನೋಡಿದರೆ ಸಾಕಲ್ಲ ಎನ್ನಬಹುದು. ಹಳೆಯ ಖಾತೆಗಳನ್ನು ಕೊಂಡು ತರುವ ವ್ಯಾಪಾರವೇ ಇದೆ. ನಮಗೆ ಐಪಿ ಕಾಣುವುದಿಲ್ಲ, ಕಂಪನಿಗೆ ದೂರು ಕೊಟ್ಟರೆ ಉತ್ತರ ಬರುವ ಹೊತ್ತಿಗೆ ಆ ಖಾತೆ ತನ್ನ ಕೆಲಸ ಮುಗಿಸಿರುತ್ತದೆ. ಹೀಗಾಗಿ 'ಸಾಕ್ಷ್ಯ ಕಂಪನಿಯಲ್ಲೇ ಇರಲಿ' ಎಂದು ಸರ್ವರ್‌ಪಾಲರು ಮೆಚ್ಚಿಕೊಂಡ ಏರ್ಪಾಡಿನ ಬೆಲೆಯನ್ನು ತೆರುವವರು ಬೇರೆಯೇ ಜನ.

ಇಷ್ಟು ಹೇಳಿದ ಮೇಲೂ, ನಿಮ್ಮ ಜಾಗದಲ್ಲಿ ನಾನಿದ್ದರೆ ಆ ಫೋಟೊ ಕಳುಹಿಸಲು ಹಿಂಜರಿಯುತ್ತಿದ್ದೆ. ಕಾರಣ ಮಾಡರೇಟರ್‌ಗಳ ಚಾರಿತ್ರ್ಯವಲ್ಲ, ಇನ್‌ಬಾಕ್ಸ್‌ನ ರಚನೆ. ಮಾಡರೇಟರ್‌ಗಳ ಇನ್‌ಬಾಕ್ಸ್ ಒಬ್ಬರದಲ್ಲ, ತಂಡದ್ದು. ರೆಡ್ಡಿಟ್‌ನಂತಹ ಕಡೆ ಇಂದು ಬಂದ ಸಂದೇಶವನ್ನು ಮುಂದಿನ ವರ್ಷ ತಂಡಕ್ಕೆ ಸೇರುವ, ಅಂಚೆ ನೋಡುವ ಅನುಮತಿಯಿರುವ ಹೊಸ ಮಾಡರೇಟರ್ ಕೂಡ ಹಿಂದಕ್ಕೆ ಹೋಗಿ ಓದಬಲ್ಲರು. ನೀವು ಇಂದಿನ ತಂಡವನ್ನು ನಂಬಿ ಕಳುಹಿಸುತ್ತೀರಿ, ನಾಳಿನ ತಂಡದಲ್ಲಿ ಯಾರಿರುತ್ತಾರೆಂಬುದು ಇಂದಿನವರಿಗೂ ಗೊತ್ತಿರುವುದಿಲ್ಲ. ನಮ್ಮಲ್ಲಿ ಸೇರುವವರೂ ಬಿಡುವವರೂ ಹೆಚ್ಚು. ಬಿಟ್ಟು ಹೋದವರ ಫೋನಿನಲ್ಲಿ ಸ್ಕ್ರೀನ್‌ಶಾಟ್ ಇದೆಯೇ ಎಂದು ಪರೀಕ್ಷಿಸುವ ದಾರಿಯೇ ಇಲ್ಲ. ಅದಕ್ಕಿಂತ ದೊಡ್ಡದು, ತಂಡದಲ್ಲಿ ಒಬ್ಬರ ಪಾಸ್‌ವರ್ಡ್ ಕಳುವಾದರೂ ಇಡೀ ಇನ್‌ಬಾಕ್ಸ್ ತೆರೆದುಕೊಳ್ಳುತ್ತದೆ.

ಆದ್ದರಿಂದ ನಮ್ಮ ಸಮುದಾಯದಲ್ಲಿ ದಾಖಲೆ ಕೇಳುವುದನ್ನು ಕೈಬಿಟ್ಟಿದ್ದೇವೆ. ಅದರ ಬದಲು, ಬಹಳ ಕಾಲದಿಂದ ಸಮುದಾಯದಲ್ಲಿ ತಮ್ಮ ಅನುಭವವನ್ನು ಬಿಡಿಬಿಡಿಯಾಗಿ ಬರೆಯುತ್ತ ಬಂದವರಿಗೆ, ಇಬ್ಬರು ಹಳೆಯ ಸದಸ್ಯರು ಒಪ್ಪಿದರೆ, ದಾಖಲೆಯಿಲ್ಲದೆ ಗುರುತು ಕೊಡುತ್ತೇವೆ. ಮಾರಾಟಗಾರರು ಒಂದೆರಡು ತಿಂಗಳಲ್ಲಿ ಲಾಭ ಕಾಣಬೇಕಾದವರು. ವರ್ಷಗಟ್ಟಲೆ ಕುಳಿತು ಪರೀಕ್ಷಾ ವರದಿಯ ಬೇಸರ, ಔಷಧಿಯ ಅಡ್ಡಪರಿಣಾಮ, ಇವುಗಳ ಬಗ್ಗೆ ಮಾತಾಡುವ ತಾಳ್ಮೆ ಅವರಿಗೆ ಇರುವುದಿಲ್ಲ. ಇದರಿಂದ ಹೊಸದಾಗಿ ಕಾಯಿಲೆ ಪತ್ತೆಯಾದವರಿಗೆ ಅನ್ಯಾಯವಾಗುತ್ತದೆ ಎಂಬುದು ನಿಜ, ಅವರು ಕಾಯಬೇಕಾಗುತ್ತದೆ. ನಿಮ್ಮ ವಿಷಯದಲ್ಲಿ ಆ ತೊಡಕಿಲ್ಲ. ನಿಮ್ಮ ಹಳೆಯ ಬರಹಗಳನ್ನೇ ಆಧಾರವಾಗಿ ತೆಗೆದುಕೊಳ್ಳುವಂತೆ ಮಾಡರೇಟರ್‌ಗಳನ್ನು ಕೇಳಿ ನೋಡಿ. ಕೇಳುವಾಗಲೇ ದಾಖಲೆಯನ್ನು ಯಾರು ನೋಡುತ್ತಾರೆ, ನೋಡಿದ ಮೇಲೆ ಏನು ಮಾಡುತ್ತಾರೆ, ನಿಯಮ ಎಲ್ಲಿ ಬರೆದಿದೆ ಎಂದೂ ಕೇಳಿ. ಇದಕ್ಕೆ ಸಿಟ್ಟಿನ ಉತ್ತರ ಬಂದರೆ ನಿಮಗೆ ಬೇಕಾದ ಮಾಹಿತಿ ಸಿಕ್ಕಿತೆಂದೇ ತಿಳಿಯಿರಿ.

ಉತ್ತರ: ಚೂರುಪಾರು

ಮೇಲಿನ ಇಬ್ಬರೂ ಫೋಟೊ ಮತ್ತು ಐಪಿ ವಿಳಾಸದ ಬಗ್ಗೆ ಬರೆದಿದ್ದಾರೆ. ನನಗೆ ಹೆಚ್ಚು ಚಿಂತೆಯಾಗುವುದು ನೀವು ಹಲವು ವರ್ಷಗಳಿಂದ ಬರೆದದ್ದರ ಬಗ್ಗೆ, ಏಕೆಂದರೆ ಅದನ್ನು ನೋಡಲು ಮಾಡರೇಟರ್ ಆಗಬೇಕಾಗಿಲ್ಲ, ಓದುವ ವ್ಯವಧಾನವಿದ್ದರೆ ಸಾಕು.

ಹೆಸರಿಲ್ಲದ ಮಾಹಿತಿಯಿಂದ ಹೆಸರನ್ನು ಹೊರತೆಗೆಯುವುದು ಎಷ್ಟು ಸುಲಭವೆಂಬುದನ್ನು ಅಮೆರಿಕದ ಸಂಶೋಧಕಿ ಲಟಾನ್ಯಾ ಸ್ವೀನಿ 2000ರಲ್ಲೇ ತೋರಿಸಿದ್ದರು. ಐದಂಕಿಯ ಅಂಚೆ ಸಂಕೇತ, ಲಿಂಗ, ಪೂರ್ಣ ಜನ್ಮದಿನಾಂಕ ಈ ಮೂರು ಗೊತ್ತಿದ್ದರೆ ಅಮೆರಿಕದ ಜನರಲ್ಲಿ ಸುಮಾರು ಶೇ 87ರಷ್ಟು ಮಂದಿಯನ್ನು ಒಬ್ಬೊಬ್ಬರಾಗಿ ಪ್ರತ್ಯೇಕಿಸಬಹುದು ಎಂಬುದು ಅವರ ಲೆಕ್ಕ. 2006ರ ಆಗಸ್ಟ್‌ನಲ್ಲಿ ಎಒಎಲ್ ಎಂಬ ಅಮೆರಿಕದ ಇಂಟರ್ನೆಟ್ ಕಂಪನಿ ಸುಮಾರು ಆರೂವರೆ ಲಕ್ಷ ಬಳಕೆದಾರರ ಹುಡುಕಾಟಗಳನ್ನು, ಹೆಸರಿನ ಜಾಗದಲ್ಲಿ ಸಂಖ್ಯೆ ಹಾಕಿ, ಸಂಶೋಧಕರಿಗೆ ಉಪಯೋಗವಾಗಲೆಂದು ಪ್ರಕಟಿಸಿತು. ಕೆಲವೇ ದಿನಗಳಲ್ಲಿ ನ್ಯೂಯಾರ್ಕ್ ಟೈಮ್ಸ್‌ನ ವರದಿಗಾರರು ಒಂದು ಸಂಖ್ಯೆಯ ಹಿಂದಿದ್ದ ಮಹಿಳೆಯ ಮನೆಬಾಗಿಲಿಗೆ ಹೋಗಿ ನಿಂತರು. ಆಕೆ ತನ್ನ ಊರಿನ ಸೇವೆಗಳನ್ನೂ ತನ್ನ ಕುಲನಾಮದವರನ್ನೂ ಹುಡುಕಿದ್ದಳು, ಅಷ್ಟೇ ಸಾಕಾಗಿತ್ತು. ಒಂದೊಂದು ಹುಡುಕಾಟವೂ ಬಿಡಿಯಾಗಿ ನೋಡಿದರೆ ನಿರುಪದ್ರವಿ.

ನಿಮ್ಮ ಖಾತೆಯನ್ನು ಅಪರಿಚಿತರ ಕಣ್ಣಿನಿಂದ ಒಮ್ಮೆ ಓದಿ ನೋಡಿ. ಒಂದು ಕಾಮೆಂಟಿನಲ್ಲಿ ಕಾಯಿಲೆ ಪತ್ತೆಯಾದ ವಯಸ್ಸು ಇರುತ್ತದೆ, ಇನ್ನೊಂದರಲ್ಲಿ ರಾತ್ರಿ ಪಾಳಿಯ ಕೆಲಸದ ಪ್ರಸ್ತಾಪ, ಮತ್ತೊಂದರಲ್ಲಿ ಅವಳಿ ಮಕ್ಕಳು, ಎಲ್ಲೋ ಒಂದು ಕಡೆ 'ಇಲ್ಲಿ ನಿನ್ನೆಯಿಂದ ಬಿಡದೆ ಮಳೆ' ಎಂಬ ಸಾಲು. ಬರೆಯುವಾಗ ನೀವು ಪ್ರತಿಸಲವೂ ಒಂದೇ ಒಂದು ಚೂರನ್ನು ಕೊಟ್ಟಿರುತ್ತೀರಿ. ಓದುವವರು ಎಲ್ಲವನ್ನೂ ಒಟ್ಟಿಗೆ ಓದುತ್ತಾರೆ. ಇದರ ಮೇಲೆ ಬರವಣಿಗೆಯ ಶೈಲಿ ಬೇರೆ. 2012ರಲ್ಲಿ ಕಂಪ್ಯೂಟರ್ ವಿಜ್ಞಾನಿ ಅರವಿಂದ್ ನಾರಾಯಣನ್ ಮತ್ತು ಸಂಗಡಿಗರು ಒಂದು ಲಕ್ಷ ಬ್ಲಾಗ್‌ಗಳ ನಡುವಿನಿಂದ ಒಂದು ಅನಾಮಧೇಯ ಬರಹದ ಲೇಖಕರನ್ನು ಬರಿಯ ಶೈಲಿಯಿಂದಲೇ ಸುಮಾರು ಐದರಲ್ಲಿ ಒಂದು ಸಲ ಸರಿಯಾಗಿ ಗುರುತಿಸಬಹುದೆಂದು ತೋರಿಸಿದರು. ಕಂಪ್ಯೂಟರ್‌ಗಳ ಭಾಷಾಸಾಮರ್ಥ್ಯ ಆಗಿನದಕ್ಕಿಂತ ಈಗ ಬಹಳ ಮುಂದೆ ಹೋಗಿದೆ. ಬರೆಯುವವರು ಕಡಿಮೆ ಇರುವ ಭಾಷೆಯಲ್ಲಿ ಹುಡುಕಬೇಕಾದ ಗುಂಪೇ ಚಿಕ್ಕದು. ಒಂದು ಕ್ರಿಯಾಪದದ ರೂಪ, ಒಂದು ಸಂಬಂಧವಾಚಕ ಪದ ನಿಮ್ಮ ಸೀಮೆಯನ್ನು ಹೇಳಿಬಿಡುತ್ತದೆ.

ಅಳಿಸುವ ವಿಷಯ ಕೇಳಿದ್ದೀರಿ. ವೇದಿಕೆಯಿಂದ ಅಳಿಸಬಹುದು, ಇತರರ ಪ್ರತಿಗಳಿಂದ ಅಳಿಸಲಾಗದು. ರೆಡ್ಡಿಟ್‌ನ ಸಾರ್ವಜನಿಕ ಪೋಸ್ಟ್‌ಗಳನ್ನೆಲ್ಲ ಬಂದ ಹಾಗೆಯೇ ಸಂಗ್ರಹಿಸುತ್ತಿದ್ದ ಪುಶ್‌ಶಿಫ್ಟ್ ಎಂಬ ಸಂಗ್ರಹ ಹಲವು ವರ್ಷ ನಡೆಯಿತು. ಸಂಶೋಧಕರಿಗೂ ಮಾಡರೇಟರ್‌ಗಳಿಗೂ ಅದು ಬಹಳ ಉಪಯೋಗಕ್ಕೆ ಬಂದದ್ದೂ ಹೌದು. 2023ರಲ್ಲಿ ರೆಡ್ಡಿಟ್ ಅದರ ಪ್ರವೇಶವನ್ನು ನಿಲ್ಲಿಸಿತು, ಆದರೆ ಅಷ್ಟರಲ್ಲಿ ಜನ ಇಳಿಸಿಕೊಂಡಿದ್ದ ಕಡತಗಳನ್ನು ಯಾರೂ ಹಿಂದಕ್ಕೆ ಪಡೆಯಲಾರರು. ಮ್ಯಾಸ್ಟಡಾನ್‌ನಲ್ಲಿ ನೀವು ಅಳಿಸಿದಾಗ ನಿಮ್ಮ ಸರ್ವರ್ ಇತರ ಸರ್ವರ್‌ಗಳಿಗೆ 'ಇದನ್ನು ಅಳಿಸಿ' ಎಂಬ ಕೋರಿಕೆ ಕಳುಹಿಸುತ್ತದೆ. ಅದನ್ನು ಪಾಲಿಸುವುದು ಆ ಸರ್ವರ್‌ಗೆ ಬಿಟ್ಟದ್ದು. ಐರೋಪ್ಯ ಒಕ್ಕೂಟದಲ್ಲಿ 2018ರಿಂದ ಜಾರಿಯಲ್ಲಿರುವ ಜಿಡಿಪಿಆರ್ ಎಂಬ ದತ್ತಾಂಶ ರಕ್ಷಣಾ ಕಾನೂನಿನ 17ನೇ ವಿಧಿ ಅಳಿಸಿಕೊಳ್ಳುವ ಹಕ್ಕನ್ನು ಕೊಡುತ್ತದೆ, ಆದರೆ ಹೆಸರೇ ಇಲ್ಲದ ಯಾರೋ ಇಳಿಸಿಕೊಂಡ ಪ್ರತಿಯ ಮೇಲೆ ಹಕ್ಕು ಚಲಾಯಿಸುವುದು ಹೇಗೆ? ಆದರೂ ಅಳಿಸುವುದು ವ್ಯರ್ಥವೆಂದು ನಾನು ಹೇಳುವುದಿಲ್ಲ. ನಿಮ್ಮನ್ನು ಹುಡುಕುವವರು ಹೆಚ್ಚಾಗಿ ಪರಿಚಿತರು, ಸಹೋದ್ಯೋಗಿಗಳು. ಅವರು ಹಳೆಯ ಕಡತಗಳನ್ನು ಕೆದಕುವವರಲ್ಲ, ಗೂಗಲ್‌ನಲ್ಲಿ ಹುಡುಕಿ ಸಿಗದಿದ್ದರೆ ಬಿಟ್ಟುಬಿಡುವವರು.

ಉತ್ತರ: ನೇರನುಡಿ

ನನ್ನ ಅಭಿಪ್ರಾಯ ಇಲ್ಲಿನ ಯಾರಿಗೂ ಹಿಡಿಸಲಾರದು. ಸಮಸ್ಯೆಯ ಮೂಲ ಗುಪ್ತನಾಮವೇ. ಪ್ರತಿಯೊಬ್ಬರೂ ಸ್ವಂತ ಹೆಸರಿನಲ್ಲಿ ಬರೆಯುವಂತಿದ್ದರೆ ನಕಲಿ ರೋಗಿಯೂ ಇರುತ್ತಿರಲಿಲ್ಲ, ಬೈಗುಳವೂ ಇರುತ್ತಿರಲಿಲ್ಲ, ಮಾಡರೇಟರ್‌ಗಳು ಆಸ್ಪತ್ರೆಯ ಕಾಗದ ಕೇಳುವ ಪ್ರಮೇಯವೂ ಬರುತ್ತಿರಲಿಲ್ಲ. ಕಂಪನಿಗಳೇ ಒಮ್ಮೆ ಗುರುತಿನ ಚೀಟಿ ಪಡೆದು, ಹೊರಗೆ ಗುಪ್ತನಾಮವನ್ನು ತೋರಿಸಲಿ. ತಪ್ಪು ಮಾಡಿದವರು ಮಾತ್ರ ಸಿಕ್ಕಿಬೀಳುತ್ತಾರೆ.

ಉತ್ತರ: ಸಾಕ್ಷಿಪ್ರಜ್ಞೆ

ನೇರನುಡಿಯವರು ಹೇಳಿದ ಏರ್ಪಾಡನ್ನು ಒಂದು ದೇಶ ಕಾನೂನಿನ ಮೂಲಕವೇ ಮಾಡಿ ನೋಡಿದೆ. ದಕ್ಷಿಣ ಕೊರಿಯಾ 2007ರಲ್ಲಿ ದೊಡ್ಡ ಜಾಲತಾಣಗಳಿಗೆ ನಿಜನಾಮ ಪರಿಶೀಲನೆಯನ್ನು ಕಡ್ಡಾಯಗೊಳಿಸಿತು. 2009ರಲ್ಲಿ ದಿನಕ್ಕೆ 1 ಲಕ್ಷಕ್ಕಿಂತ ಹೆಚ್ಚು ಸಂದರ್ಶಕರಿರುವ ತಾಣಗಳಿಗೆಲ್ಲ ಅದನ್ನು ವಿಸ್ತರಿಸಿತು. ಹೊರಗೆ ಗುಪ್ತನಾಮ, ಒಳಗೆ ನಿವಾಸಿ ನೋಂದಣಿ ಸಂಖ್ಯೆ: ನೀವು ಬಯಸಿದ್ದು ಹೆಚ್ಚುಕಡಿಮೆ ಇದೇ. 2011ರಲ್ಲಿ ಅಲ್ಲಿನ ನೇಟ್ ಮತ್ತು ಸೈವರ್ಲ್ಡ್ ತಾಣಗಳಿಗೆ ಕನ್ನ ಬಿದ್ದು ಸುಮಾರು 3.5 ಕೋಟಿ ಬಳಕೆದಾರರ ವೈಯಕ್ತಿಕ ಮಾಹಿತಿ ಕಳುವಾಯಿತು. ದೇಶದ ಜನಸಂಖ್ಯೆಯೇ ಸುಮಾರು 5 ಕೋಟಿ ಎಂಬುದನ್ನು ನೆನಪಿಡಿ. 2012ರ ಆಗಸ್ಟ್ 23ರಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ ಆ ಕಾನೂನನ್ನು ಅಸಾಂವಿಧಾನಿಕವೆಂದು ಸರ್ವಾನುಮತದಿಂದ ರದ್ದುಪಡಿಸಿತು. ಅಭಿವ್ಯಕ್ತಿಗೆ ತೊಡಕಾದದ್ದು ಖಚಿತ, ಅಕ್ರಮ ಬರಹಗಳು ಅರ್ಥಪೂರ್ಣವಾಗಿ ಕಡಿಮೆಯಾದದ್ದಕ್ಕೆ ಆಧಾರವಿಲ್ಲ ಎಂಬುದು ಅದರ ತರ್ಕದ ತಿರುಳು.

ಕಂಪನಿಗಳ ಸ್ವಂತ ಪ್ರಯೋಗಗಳೂ ಇವೆ. ಗೂಗಲ್‌ನ ಸಾಮಾಜಿಕ ಜಾಲವಾಗಿದ್ದ ಗೂಗಲ್ ಪ್ಲಸ್ 2011ರಲ್ಲಿ ನಿಜನಾಮದ ನಿಯಮದೊಂದಿಗೆ ಶುರುವಾಗಿ 2014ರಲ್ಲಿ ಅದನ್ನು ಕೈಬಿಟ್ಟಿತು. ಅದೇ ವರ್ಷ ಫೇಸ್‌ಬುಕ್ ತನ್ನ ನಿಯಮದ ಹೆಸರಿನಲ್ಲಿ ರಂಗನಾಮದಿಂದಲೇ ಪರಿಚಿತರಾಗಿದ್ದ ಡ್ರ್ಯಾಗ್ ಕಲಾವಿದರ (ಹೆಚ್ಚಾಗಿ ಹೆಣ್ಣುವೇಷದಲ್ಲಿ ರಂಜಿಸುವವರು) ಖಾತೆಗಳನ್ನು ತಡೆಹಿಡಿದು, ಪ್ರತಿಭಟನೆಯ ನಂತರ ಕ್ಷಮೆ ಕೇಳಿತು. ಆ ಖಾತೆಗಳ ವಿರುದ್ಧ ಸಾಲುಸಾಲಾಗಿ ದೂರು ಕೊಟ್ಟದ್ದು ಇನ್ನೊಬ್ಬ ಬಳಕೆದಾರನೆಂಬುದು ಆಮೇಲೆ ತಿಳಿಯಿತು. ಅಂದರೆ ನಿಜನಾಮದ ನಿಯಮವೇ ಕಿರುಕುಳದ ಸಲಕರಣೆಯಾಯಿತು. ಇನ್ನು ಸ್ವಂತ ಹೆಸರು, ಸ್ವಂತ ಫೋಟೊ ಹಾಕಿಕೊಂಡೇ ನಾಲಿಗೆ ಹರಿಬಿಡುವವರನ್ನು ಹುಡುಕಲು ಯಾರೂ ದೂರ ಹೋಗಬೇಕಾಗಿಲ್ಲ.

ಕಾನೂನಿನ ಕೈಗೆ ಸಿಗಬೇಕಾದವರು ಗುಪ್ತನಾಮವಿದ್ದರೂ ಬಹುಪಾಲು ಸಿಗುತ್ತಾರೆ ಎಂಬುದನ್ನೂ ಮರೆಯಬಾರದು. ನ್ಯಾಯಾಲಯದ ಆದೇಶ ವೇದಿಕೆಗೆ ಹೋಗುತ್ತದೆ, ವೇದಿಕೆ ಐಪಿ ವಿಳಾಸ ಕೊಡುತ್ತದೆ, ಐಪಿ ಹಿಡಿದು ಇಂಟರ್ನೆಟ್ ಕಂಪನಿಯನ್ನು ಕೇಳಿದರೆ ಚಂದಾದಾರರ ಹೆಸರು ಬರುತ್ತದೆ. ಗೌಪ್ಯತೆಯನ್ನೇ ಹೇಳಿಕೊಂಡು ಬೆಳೆದ ಟೆಲಿಗ್ರಾಂ ಸಹ ಕಾನೂನುಬದ್ಧ ಕೋರಿಕೆ ಬಂದರೆ ನಿಯಮ ಮುರಿದವರ ಐಪಿ ಮತ್ತು ಫೋನ್ ಸಂಖ್ಯೆಯನ್ನು ಕೊಡುವುದಾಗಿ 2024ರ ಸೆಪ್ಟೆಂಬರ್‌ನಲ್ಲಿ ತನ್ನ ನೀತಿಯನ್ನು ಬದಲಿಸಿತು. ಐಪಿಯನ್ನು ಮರೆಮಾಚುವ ವಿಪಿಎನ್, ಟಾರ್ ಬಳಸುವವರ ಮಾತು ಬೇರೆ, ಆದರೆ ಪುಡಿ ಮಾರುವವರಲ್ಲಿ ಆ ಶಿಸ್ತು ಇರುವವರು ಕಡಿಮೆ. ನಿಜನಾಮದ ನಿಯಮದಿಂದ ಮೊದಲು ಬಾಯಿ ಮುಚ್ಚುವವರು ವಂಚಕರಲ್ಲ, ಈ ಪ್ರಶ್ನೆ ಕೇಳಿದವರಂಥವರು.

ಉತ್ತರ: ನೇರನುಡಿ

ಕೊರಿಯಾದ ವಿಷಯ ತಿಳಿದಿರಲಿಲ್ಲ, ತಿಳಿಸಿದ್ದಕ್ಕೆ ಧನ್ಯವಾದ. ಆದರೂ ಪತ್ತೆಹಚ್ಚುವ ಹೊರೆಯನ್ನು ನ್ಯಾಯಾಲಯದವರೆಗೆ ಒಯ್ಯುವ ಶಕ್ತಿ ಎಷ್ಟು ಜನರಿಗಿದೆ? ಮೋಸಹೋದ ರೋಗಿಗೆ 'ಕಾನೂನಿದೆ' ಎಂದು ಹೇಳುವುದು ಸುಲಭ. ಈ ಒಂದು ಅಂಶದಲ್ಲಿ ನಾನು ಕಸಪೊರಕೆಯವರ ಪರ.

ಪ್ರಶ್ನೆ ಕೇಳಿದವರು: ತೆರೆಮರೆ

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕಸಪೊರಕೆಯವರು ಸೂಚಿಸಿದಂತೆ ಮಾಡರೇಟರ್‌ಗಳಿಗೆ ಬರೆದೆ. ದಾಖಲೆಯನ್ನು ಯಾರು ನೋಡುತ್ತಾರೆ ಎಂಬ ಪ್ರಶ್ನೆಗೆ 'ತಂಡದಲ್ಲಿ ಆ ಹೊತ್ತಿಗೆ ಇರುವವರು' ಎಂಬ ಉತ್ತರ ಬಂದಿತು. ಅಳಿಸುವ ನಿಯಮ ಈವರೆಗೆ ಬರೆದಿಲ್ಲ ಎಂದು ಅವರೇ ಒಪ್ಪಿಕೊಂಡರು. ಸಿಟ್ಟಾಗಲಿಲ್ಲ. ಹಳೆಯ ಬರಹಗಳ ಆಧಾರದ ಮೇಲೆ ಗುರುತು ಕೊಡುವ ಪ್ರಸ್ತಾಪವನ್ನು ತಂಡದಲ್ಲಿ ಚರ್ಚಿಸುತ್ತೇವೆ ಎಂದಿದ್ದಾರೆ. ಅಲ್ಲಿಯವರೆಗೆ ನಾನು ಕಾಮೆಂಟ್‌ಗಳಿಗೇ ಸೀಮಿತವಾಗಿರುತ್ತೇನೆ. ಖಾತೆಗೆ ಜೋಡಿಸಿದ್ದ ಇಮೇಲ್ ಬದಲಿಸಿದ್ದೇನೆ. ಮಕ್ಕಳ ಬಗ್ಗೆ, ಕೆಲಸದ ಬಗ್ಗೆ ಬರೆದಿದ್ದ ಕಾಮೆಂಟ್‌ಗಳನ್ನು ಅಳಿಸುತ್ತಿದ್ದೇನೆ, ಚಿಕಿತ್ಸೆಯ ಬಗ್ಗೆ ಬರೆದದ್ದನ್ನು ಇತರರಿಗೆ ಉಪಯೋಗವಾಗಲೆಂದು ಬಿಟ್ಟಿದ್ದೇನೆ.

ಒಂದು ವೇಳೆ ಅವರು ಪ್ರಸ್ತಾಪವನ್ನು ಒಪ್ಪದೆ, ನಾನೂ ಕೊನೆಗೆ ಫೋಟೊ ಕಳುಹಿಸಲೇಬೇಕಾಗಿ ಬಂದರೆ ಹೆಸರನ್ನು ಮುಚ್ಚುವ ಸರಿಯಾದ ವಿಧಾನ ಯಾವುದು?

ಉತ್ತರ: ಚೂರುಪಾರು

ಮುಚ್ಚುವುದನ್ನು ಫೋನಿನಲ್ಲಿ ಮಾಡಬೇಡಿ, ಕಾಗದದ ಮೇಲೆಯೇ ಮಾಡಿ. ಹೆಸರು, ವಯಸ್ಸು, ವಿಳಾಸ, ವೈದ್ಯರ ಹೆಸರು, ಆಸ್ಪತ್ರೆಯ ತಲೆಬರಹ ಇವುಗಳ ಮೇಲೆ ದಪ್ಪ ಕಾಗದದ ತುಂಡುಗಳನ್ನಿಟ್ಟು ಆಮೇಲೆ ಫೋಟೊ ತೆಗೆಯಿರಿ. ಆಗ ಮುಚ್ಚಿದ ಭಾಗ ಚಿತ್ರದೊಳಗೆ ಎಂದೂ ಇರಲೇ ಇಲ್ಲ ಎಂದಾಗುತ್ತದೆ. ಫೋನಿನ ಬ್ರಶ್‌ನಿಂದ ಕಪ್ಪು ಬಳಿದರೆ ಅದು ಎಷ್ಟೋ ಸಲ ಅರೆಪಾರದರ್ಶಕವಾಗಿದ್ದು, ಚಿತ್ರದ ಬೆಳಕನ್ನು ಹೆಚ್ಚಿಸಿದರೆ ಕೆಳಗಿನ ಅಕ್ಷರಗಳು ತೇಲಿಬರುತ್ತವೆ. ಮಸುಕು ಮಾಡಿದ ಅಂಕಿಗಳನ್ನೂ ಮರಳಿ ಊಹಿಸಬಹುದು. ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದರೆ ಅದರ ಅಡಿಯ ಪಠ್ಯ ಹಾಗೆಯೇ ಇರುತ್ತದೆ, ಆಯ್ದು ನಕಲಿಸಿದರೆ ಹೊರಬರುತ್ತದೆ. ಕತ್ತರಿಸಿದರೆ ಸಾಕೆಂಬ ನಂಬಿಕೆಯೂ ಬೇಡ: ಗೂಗಲ್ ಪಿಕ್ಸೆಲ್ ಫೋನುಗಳ ಚಿತ್ರ ತಿದ್ದುವ ಸಾಧನದಲ್ಲಿ ಕತ್ತರಿಸಿ ತೆಗೆದ ಭಾಗ ಕಡತದೊಳಗೇ ಉಳಿಯುತ್ತಿದ್ದುದು 2023ರ ಮಾರ್ಚ್‌ನಲ್ಲಿ ಬಯಲಾಯಿತು, ಅದಾದ ಬೆನ್ನಿಗೇ ವಿಂಡೋಸ್ 11ರ ಸ್ಕ್ರೀನ್‌ಶಾಟ್ ಸಾಧನದಲ್ಲೂ ಅದೇ ದೋಷ ಕಂಡುಬಂತು.

ಜನ ಮರೆಯುವುದು ಬಾರ್‌ಕೋಡ್ ಮತ್ತು ಕ್ಯೂಆರ್ ಕೋಡ್‌ಗಳನ್ನು. ಹೆಸರನ್ನು ಜೋಪಾನವಾಗಿ ಮುಚ್ಚಿ, ಮೂಲೆಯಲ್ಲಿರುವ ಬಾರ್‌ಕೋಡನ್ನು ಹಾಗೆಯೇ ಬಿಟ್ಟಿರುತ್ತಾರೆ. ಅದನ್ನು ಯಾವ ಫೋನಾದರೂ ಓದಿ ನೋಂದಣಿ ಸಂಖ್ಯೆಯನ್ನು ಹೇಳುತ್ತದೆ. ರಕ್ತ ಮೊದಲಾದ ಮಾದರಿಯ (ಸ್ಯಾಂಪಲ್) ಸಂಖ್ಯೆ, ಬಿಲ್ ಸಂಖ್ಯೆ, ಪರೀಕ್ಷೆ ನಡೆದ ಗಂಟೆ ನಿಮಿಷಗಳನ್ನೂ ಮುಚ್ಚಿ. ತಾರೀಖಿನಲ್ಲಿ ವರ್ಷ ಮಾತ್ರ ಕಾಣಲಿ, ಅವರಿಗೆ ಬೇಕಾಗಿರುವುದು ಕಾಯಿಲೆಯ ಹೆಸರು ಅಷ್ಟೇ. ಪಕ್ಕದಲ್ಲಿ ನಿಮ್ಮ ಗುಪ್ತನಾಮವನ್ನು ಬರೆದ ಚೀಟಿಯೊಂದನ್ನು ಇಟ್ಟರೆ ಆ ಚಿತ್ರವನ್ನು ಇನ್ನೊಬ್ಬರು ತಮ್ಮದೆಂದು ಬಳಸಲಾಗದು. ಕೈಬರಹವನ್ನು ಗುರುತಿಸುವವರಿದ್ದರೆ ದೊಡ್ಡಕ್ಷರಗಳಲ್ಲಿ ಬಿಡಿಸಿ ಬರೆಯಿರಿ.

ಇನ್ನು ಫೋಟೊದೊಳಗೆ ಅಡಗಿರುವ ಸ್ಥಳದ ಮಾಹಿತಿ. 2012ರ ಡಿಸೆಂಬರ್‌ನಲ್ಲಿ ತಲೆಮರೆಸಿಕೊಂಡಿದ್ದ, ವೈರಸ್ ನಿರೋಧಕ ತಂತ್ರಾಂಶದ ಉದ್ಯಮಿ ಜಾನ್ ಮೆಕಾಫಿ ಗ್ವಾಟೆಮಾಲಾದಲ್ಲಿರುವುದು ಜಗತ್ತಿಗೆ ತಿಳಿದದ್ದು, ಅವರ ಜೊತೆ ಹೋಗಿದ್ದ ಪತ್ರಕರ್ತರು ಪ್ರಕಟಿಸಿದ ಫೋಟೊದಲ್ಲಿ ಅಕ್ಷಾಂಶ ರೇಖಾಂಶ ಉಳಿದುಬಿಟ್ಟಿದ್ದರಿಂದ. ದೊಡ್ಡ ವೇದಿಕೆಗಳು ಪ್ರಕಟವಾಗುವ ಚಿತ್ರಗಳಿಂದ ಆ ಮಾಹಿತಿಯನ್ನು ಸಾಮಾನ್ಯವಾಗಿ ಕಿತ್ತುಹಾಕುತ್ತವೆ, ಆದರೆ ಕಡತವಾಗಿ ಕಳುಹಿಸಿದ ಚಿತ್ರಕ್ಕೆ ಆ ಭರವಸೆಯಿಲ್ಲ. ಕ್ಯಾಮೆರಾದ ಸೆಟ್ಟಿಂಗ್ಸ್‌ನಲ್ಲಿ ಲೊಕೇಶನ್ ಆಫ್ ಮಾಡಿಯೇ ಚಿತ್ರ ತೆಗೆಯಿರಿ. ಮಾಡರೇಟರ್‌ಗಳು ಗುರುತು ಕೊಟ್ಟ ಮೇಲೆ, ಚಿತ್ರವನ್ನು ಬೇರೆ ತಾಣಕ್ಕೆ ಏರಿಸಿ ಕೊಂಡಿ ಕಳುಹಿಸಿದ್ದರೆ ಅಲ್ಲಿಂದಲೂ ಅದನ್ನು ಅಳಿಸಿ. ಅದಕ್ಕಾಗಿ ಏರಿಸುವಾಗ ಸಿಗುವ ಅಳಿಸುವ ಕೊಂಡಿಯನ್ನು ಮೊದಲೇ ಉಳಿಸಿಕೊಂಡಿರಿ, ಖಾತೆಯಿಲ್ಲದೆ ಏರಿಸಿದ ಚಿತ್ರಕ್ಕೆ ಆಮೇಲೆ ಆ ಕೊಂಡಿ ಮತ್ತೆ ಸಿಗುವುದಿಲ್ಲ.